ಗುರುಪುತ್ರಪ್ಪನ ರಕ್ತದ ಸಾಕ್ಷಿ

ಖಾನಾಪುರದ ಗುರುಪುತ್ರಪ್ಪನಿಗೆ ಎರಡು ತಿಂಗಳಿಂದ ತಲೆನೋವು. ಬೆಳಗಾವಿಯ ಡಾಕ್ಟರರು ರಕ್ತ ತಪಾಸಣೆಗೆ ಬರೆದುಕೊಟ್ಟರು. ರಿಪೋರ್ಟ್ ತರಲು ಹೋದ ದಿನ ಬಾಜೂ ಮನೆಯ ಕರೆಪ್ಪನನ್ನು ಜೊತೆಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು. ಕರೆಪ್ಪ ಓದು ಬಲ್ಲವನು, ಖರೆ. ಆದರೆ ಗುಟ್ಟು ಅವನ ಹೊಟ್ಟೆಯಲ್ಲಿ ತೂತುಬಿದ್ದ ಕೊಡದೊಳಗಿನ ನೀರಿನಷ್ಟೇ ನಿಲ್ಲುತ್ತಿತ್ತು.

ಬಸ್ಸಿನಲ್ಲಿ ಅವನು ರಿಪೋರ್ಟ್ ಬಿಚ್ಚಿದ. "ಕಾಕಾ, ಹಂದಿ ಲಾಡಿಹುಳದ ಪ್ರತಿಕಾಯ ಅದಾವ ಅಂತ ಬರದಾರ!"

"ಹಂಗಂದ್ರ?"

"ಆ ಹುಳದ ಜೋಡಿ ಬಡದಾಡಾಕ ನಿಮ್ಮ ರಕ್ತದಾಗ ದಂಡು ಎದ್ದೈತಿ. ಅಲ್ರೀ, ಹಂದಿ ಹುಳ ನಿಮ್ಮ ಮೈಯಾಗ ಹೆಂಗ ಹೊಕ್ತು?"

ಬಸ್ಸು ಖಾನಾಪುರ ಮುಟ್ಟುವ ಮೊದಲೇ ಕರೆಪ್ಪನ ಫೋನಿನಿಂದ ಸುದ್ದಿ ಓಣಿ ಮುಟ್ಟಿತ್ತು. ಗುರುಪುತ್ರಪ್ಪ ತತ್ತಿಯ ಗಾಡಿ ಕಂಡರೆ ದಾರಿ ಬದಲಿಸುವ ಮನುಷ್ಯ. ಮಠದ ದಾಸೋಹದಲ್ಲಿ ಮೂವತ್ತು ವರ್ಷದಿಂದ ಅನ್ನ ನೀಡುವವನು. ಅಂಥವನ ಅಂಗಳದಲ್ಲಿ ಈಗ ಜನವೋ ಜನ.

ಹೆಂಡತಿ ಬಸವಣ್ಣೆವ್ವ ಅಡುಗೆಮನೆಗೆ ಅಡ್ಡ ನಿಂತಿದ್ದಳು. "ಒಳಗ ಬರಬ್ಯಾಡ್ರಿ. ವಾರಕ್ಕೊಮ್ಮಿ ಬೆಳಗಾವಿಗೆ ಓಡೂದು ಇದಕ್ಕೇನು?"

"ಲಿಂಗದ ಆಣಿ, ನಾ ಹಂದಿ ತಿಂದಿಲ್ಲ!"

"ಬಾಯಿ ಸುಳ್ಳ ಹೇಳತೈತಿ ತಮ್ಮಾ, ರಕ್ತ ಹೇಳೂದಿಲ್ಲ," ಎಂದಳು ಎದುರುಮನೆಯ ಮುದುಕಿ ಸಿದ್ದಕ್ಕ. "ನಾಳಿ ಮಠದಾಗ ಸೌಟ ಮುಟ್ಟಬ್ಯಾಡ."

ಗುರುಪುತ್ರಪ್ಪ ಡಾಕ್ಟರರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ನಿಮಗ ಬಂದಿದ್ದು ಮಾಂಸದಿಂದ ಬರೂದಲ್ರಿ," ಎಂದರು ಡಾಕ್ಟರರು. "ಹುಳದ ತತ್ತಿ ಹತ್ತಿದ ಹಸಿ ಸೊಪ್ಪು ತೊಳೀದ ತಿಂದ್ರ, ಇಲ್ಲಾ ಅಡಿಗಿ ಮಾಡೋರ ಕೈ ಸ್ವಚ್ಛ ಇಲ್ದಿದ್ರ ಬರ್ತದ. ಪ್ರತಿಕಾಯ ಹಳೀದೂ ಇರಬಹುದು. ಈಗ ಹುಳ ಐತೋ ಇಲ್ಲೋ ಸ್ಕ್ಯಾನ್ ಮಾಡಿ ನೋಡೂಣು. ಗಾಬರಿ ಬ್ಯಾಡ."

ಗುರುಪುತ್ರಪ್ಪ ಎದೆ ಸೆಟೆಸಿದ. "ಕೇಳಿದ್ರಲ್ಲಾ? ಹಂದಿ ಅಲ್ಲ, ಹಕ್ಕರಿಕಿ ಸೊಪ್ಪು! ದಿನಾ ರೊಟ್ಟಿ ಜೋಡಿ ಹಸೀದ ತಿಂತೀನಲ್ಲ, ಅದು!"

ಎಲ್ಲರ ಕಣ್ಣು ನಿಧಾನಕ್ಕೆ ಬಸವಣ್ಣೆವ್ವನ ಕೈಗಳ ಮೇಲೆ ಇಳಿದವು. ಆ ಕೈಯಿಂದ ಉಣ್ಣದವರು ಓಣಿಯಲ್ಲಿ ಯಾರೂ ಇರಲಿಲ್ಲ. ಸಿದ್ದಕ್ಕ ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿಕೊಂಡಳು.

"ಸೊಪ್ಪು ತೊಳ್ಯಾಕಿ ಯಾರ್ರೀ? ಅಡಿಗಿ ಮಾಡಾಕಿ ಯಾರು?" ಬಸವಣ್ಣೆವ್ವನ ಕಣ್ಣು ತುಂಬಿ ಬಂದವು. "ಇಷ್ಟ ಮಂದಿ ಮುಂದ ನನ್ನ ಕೈ ಹೊಲಸ ಅಂದ್ರಿ?"

ಆ ಕಣ್ಣೀರಿನ ಎದುರು ಗುರುಪುತ್ರಪ್ಪ ಸಂಸಾರ ಹೂಡಿದ ದಿನದಿಂದ ಒಮ್ಮೆಯೂ ಗೆದ್ದವನಲ್ಲ. ಫೋನ್ ಬಂದ್ ಮಾಡಿದ. ಗಂಟಲು ಸರಿಮಾಡಿಕೊಂಡ.

"ಆ ಡಾಕ್ಟರ್‌ಗೇನ ತಿಳೀತೈತಿ? ನಿನ್ನ ಕೈ ಗಂಗಿ ಇದ್ದಂಗ. ನಾ ಹಂದೀನ ತಿಂದೀನಿ. ಎರಡ ಸಲ."

"ಹಂಗ ಖರೇ ಹೇಳ್ರಿ ಮತ್ತ," ಎಂದು ಬಸವಣ್ಣೆವ್ವ ಕಣ್ಣೊರೆಸಿಕೊಂಡು, ಅಡುಗೆಮನೆಯ ಬಾಗಿಲು ಹಾಕಿದಳು.