ಕೆಂಪು ಮುಚ್ಚಳದ ಜೊಲ್ಲು

“ಈ ಫ್ರಿಜ್ಜಿನ ಪ್ಲಗ್ ಕಿತ್ತ ಪುಣ್ಯಾತ್ಮ ಯಾರು?”

ಖಾಲಿ ಪ್ರಯೋಗಾಲಯಕ್ಕೆ ಸಹಾಯಕ ಕೇಳಿದ ಪ್ರಶ್ನೆ ಅದು. ಪ್ಲಗ್ ಇರಬೇಕಾದ ಜಾಗದಲ್ಲಿ ಸಹೋದ್ಯೋಗಿಯ ಫೋನು ಹೊಟ್ಟೆತುಂಬ ಕರೆಂಟು ಕುಡಿದು ಮಲಗಿತ್ತು. ಫ್ರಿಜ್ಜಿನೊಳಗೆ ಕೆಂಪು ಮುಚ್ಚಳದ ಕೊಳವೆ ಬೆವೆತು, ಅದರಲ್ಲಿದ್ದ ಜೊಲ್ಲು ಹಳಸಿತ್ತು.

ದಂತ ಸಂಶೋಧನಾಲಯದ ಆ ಸಹಾಯಕನನ್ನು ಎಲ್ಲರೂ ಜೊಲ್ಲಪ್ಪ ಎಂದೇ ಕರೆಯುತ್ತಿದ್ದರು. ಕಂಡಕಂಡವರ ಜೊಲ್ಲು ಸಂಗ್ರಹಿಸುವುದೇ ಅವನ ಕಸುಬು. ಕೊಡುವವರು ಸಿಗದಿದ್ದಾಗ ಮನೆಯಲ್ಲೇ ಎರಡು ಕೊಳವೆ ತುಂಬಿಸಿದ್ದ. ಕೆಂಪು ಮುಚ್ಚಳದ್ದು ತನ್ನದು, ನೀಲಿಯದು ಅತ್ತೆಯದು. ಪರೀಕ್ಷಿಸಿದರೆ ಕೆಂಪಿನದು ಅಮೃತ! ಒಸಡಿನ ಬ್ಯಾಕ್ಟೀರಿಯಾ ಚೆಲ್ಲುವ ವಿಷವನ್ನು ಅದರೊಳಗಿನ ಪೆಪ್ಟೈಡುಗಳೆಂಬ ಪುಟ್ಟ ಪ್ರೋಟೀನ್ ತುಣುಕುಗಳು ತಬ್ಬಿಹಿಡಿದು, ಜೀವಕೋಶಗಳು ಉರಿದುಬೀಳದಂತೆ ಸಮಾಧಾನಪಡಿಸಿದ್ದವು. ನೀಲಿಯದಕ್ಕೆ ಅಂಥ ಕಸುವಿರಲಿಲ್ಲ. ಅಂದಿನಿಂದ ಜೊಲ್ಲಪ್ಪನ ಕಾಲು ನೆಲದ ಮೇಲಿರಲಿಲ್ಲ. ಇವತ್ತು ತಿಂಡಿಗೆ ಕೂತಾಗಲೂ, “ಅತ್ತೆ, ನಿಮ್ಮದು ಬೆಂಕಿ ಉಗುಳೋ ಬಾಯಿ, ನನ್ನದು ಬೆಂಕಿ ಆರಿಸೋ ಬಾಯಿ” ಎಂದು ನಕ್ಕು ಬಂದಿದ್ದ. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದರು.

ಇಂದು ದೊಡ್ಡ ಮೇಡಂ ಎದುರು ಅದನ್ನೇ ಮಾಡಿ ತೋರಿಸಬೇಕು. ತೋರಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಈ ತಿಂಗಳಿಗೇ ಮನೆ ದಾರಿ.

“ಅದಕ್ಯಾಕೆ ಅಳ್ತೀಯೋ? ಅಂಗಡಿ ನಿನ್ನ ಬಾಯಲ್ಲೇ ಇದೆ. ಹೊಸದು ಉಗಿ!” ಎಂದ ಆಗಷ್ಟೇ ಒಳಬಂದ ಫೋನಿನ ಒಡೆಯ, ಏನೂ ಆಗಿಲ್ಲವೆಂಬಂತೆ.

ಸರಿ, ಜೊಲ್ಲಪ್ಪ ಬಾಯಿ ತೆರೆದ. ಗಾಬರಿಗೆ ನಾಲಿಗೆ ಬಿಸಿಲಲ್ಲಿ ಮರೆತ ಚಪ್ಪಲಿಯಂತೆ ಒಣಗಿತ್ತು. ಸುದ್ದಿ ಹಬ್ಬಿತು. ಟೈಪಿಸ್ಟ್ ಅಕ್ಕ ಅವನೆದುರು ನಿಂಬೆಹಣ್ಣು ಚೀಪಿದಳು. ಚೀಪಿದವಳ ಬಾಯಲ್ಲೇ ನೀರೂರಿತು. ಗುಮಾಸ್ತ ತನ್ನ ಮದುವೆ ಊಟವನ್ನು ಪದ್ಯದ ರಾಗದಲ್ಲಿ ವರ್ಣಿಸಿದ. ಸುತ್ತ ನಿಂತವರೆಲ್ಲ ಜೊಲ್ಲು ನುಂಗಿಕೊಂಡರು. ಕಾವಲುಗಾರ ಬೇರೆ, “ಇಲ್ಲಿ ಉಗುಳಬಾರ್ದು ಸಾರ್, ಬೋರ್ಡ್ ಇದೆ” ಎಂದು ಅಡ್ಡಬಂದ. ಸೋತು ಮೇಜಿನ ಮೇಲೆ ತಲೆಯಿಟ್ಟವನಿಗೆ ಜೊಂಪು ಹತ್ತಿದ್ದೇ ತಡ, ತುಟಿಯಂಚಿನಿಂದ ಜೊಲ್ಲು ತಾನಾಗಿ ಇಳಿಯಿತು. ಅಕ್ಕ ಓಡಿಬಂದು ಕೊಳವೆ ಹಿಡಿದಳು.

ಜೀವಕೋಶಗಳ ಉರಿ ಏರಿದಷ್ಟೂ ಹಳದಿಯಾಗುವ ಪರೀಕ್ಷೆ ಅದು. ಸಂಜೆ ಮೇಡಂ ಬಗ್ಗಿ ನೋಡಿದರೆ, ಪರೀಕ್ಷಾ ತಟ್ಟೆಯಲ್ಲಿ ಜೊಲ್ಲಪ್ಪನ ಜೊಲ್ಲು ಬಿದ್ದ ಗುಳಿಗಳೆಲ್ಲ ಮಾಗಿದ ನಿಂಬೆಯಂತೆ ಹೊಳೆಯುತ್ತಿದ್ದವು!

“ಏನ್ರೀ ಇದು? ಆ ಕೆಂಪು ಮುಚ್ಚಳದ್ದು ನಿಜವಾಗ್ಲೂ ನಿಮ್ಮದೇನಾ?”

“ನಂದೇ ಮೇಡಂ. ಬೇಕಾದ್ರೆ ಮನೇಲೇ ಕೇಳಿ” ಎಂದು ಫೋನ್ ಹಚ್ಚಿ ಸ್ಪೀಕರ್ ಒತ್ತಿದ. “ಅತ್ತೆ, ಆವತ್ತು ಕೆಂಪು ಮುಚ್ಚಳದ ಕೊಳವೆ ನಂದು ತಾನೇ?”

“ಅದಾ? ನೀಲಿ ಮುಚ್ಚಳ ಯಾಕೋ ಮಂಕಾಗಿ ಕಾಣ್ತು. ನೀವು ಸ್ನಾನಕ್ಕೆ ಹೋದಾಗ ಎರಡೂ ಮುಚ್ಚಳ ಅದಲುಬದಲು ಮಾಡಿಬಿಟ್ಟೆ. ಏನಾಯ್ತು?”

ಟೈಪಿಸ್ಟ್ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೇಡಂ ಚೀಲ ಹೆಗಲಿಗೇರಿಸಿದರು. “ನಾಳೆ ಬೆಳಗ್ಗೆ ಅವರ ಜೊಲ್ಲು ಬಂದ್ರೆ, ನೀವೂ ಬನ್ನಿ.”

ಜೊಲ್ಲಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗರ್ಭಗುಡಿಯ ಮುಂದೆ ನಿಂತವನಂತೆ ಬಾಗಿದ. “ಅತ್ತೆ, ನೀವು ದೇವ್ರು. ಒಂದೇ ಒಂದು ಕೊಳವೆ ತುಂಬಿಸಿಕೊಡಿ.”

“ಬೆಂಕಿ ಉಗುಳೋ ಬಾಯಿ ಅಲ್ವಾ, ಅಳಿಯಂದ್ರೇ? ಪಾಪ, ನಿಮ್ಮ ಕೊಳವೆ ಕರಗಿಹೋದೀತು. ಕೊಡಲ್ಲ.”