ಬೋರ್ಡು ಸರ್ಕಾರದ್ದು, ಮಫ್ಲರ್ ಸ್ವಂತದ್ದು

ಮೋಡಪ್ಪನವರ ಎಡದವಡೆಯ ಕೊನೆಯ ಹಲ್ಲು ಇಡೀ ಚಳಿಗಾಲ ತೆಪ್ಪಗಿದ್ದು, ಸೇಡು ತೀರಿಸಿಕೊಳ್ಳಲು ಸರಿಯಾಗಿ ಈ ದಿನವನ್ನೇ ಆರಿಸಿಕೊಂಡಿತ್ತು.

ಮೋಡಪ್ಪ ಅವರ ನಿಜವಾದ ಹೆಸರಲ್ಲ. ಬೆಟ್ಟದ ಬುಡದ ಆ ಪೇಟೆಯ ಹವಾಮಾನ ಕಚೇರಿಯಲ್ಲಿ ಎಂಟು ವರ್ಷ ಕೂತು, ಎಂಟು ವಸಂತಕ್ಕೂ ತಪ್ಪು ಮುನ್ಸೂಚನೆ ಕೊಟ್ಟಿದ್ದಕ್ಕೆ ಊರು ದಯಪಾಲಿಸಿದ ಬಿರುದು. ಪಾಪ, ಅವರ ತಪ್ಪೇನೂ ಇಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಬೆಟ್ಟಕ್ಕೊಂದು ಬುದ್ಧಿ, ತಪ್ಪಲಿಗೊಂದು ಬುದ್ಧಿ. ಮೇಲೆ ಹಿಮ ಅಂದರೆ ಕೆಳಗೆ ಮಳೆ, ಎರಡೂ ಇಲ್ಲ ಅಂದರೆ ಎರಡೂ ಒಟ್ಟಿಗೆ. ಸಾಕ್ಷಾತ್ ದೇವರೇ ಆ ಕುರ್ಚಿಯಲ್ಲಿ ಕೂತಿದ್ದರೂ ವಾರದೊಳಗೆ ರಜ ಹಾಕಿ ಹೋಗುತ್ತಿದ್ದ. ಬಯಲಿಗೆ ವರ್ಗ ಮಾಡಿ ಎಂದು ಅರ್ಜಿ ಗೀಚಿ ಗೀಚಿ ಸುಸ್ತಾದ ಮೋಡಪ್ಪನವರಿಗೆ ನಿರ್ದೇಶಕರು ಕಡೆಗೊಂದು ಮಾತು ಕೊಟ್ಟಿದ್ದರು: "ಈ ಸಲದ ಮುನ್ಸೂಚನೆ ಒಂದು ಸರಿಯಾಗ್ಲಿ ಕಣ್ರೀ, ಆರ್ಡರ್ ನಾನೇ ಕೈಯಾರೆ ತಂದು ಕೊಡ್ತೀನಿ."

ಅವರು ಬರುವುದು ಇವತ್ತು ಮಧ್ಯಾಹ್ನ. ಕಚೇರಿಯ ಮುಂದಿನ ಬೋರ್ಡಿನಲ್ಲಿ ನಿನ್ನೆ ಸಂಜೆಯೇ ಬರೆದಾಗಿತ್ತು: 'ಚಳಿ ಮುಗಿಯಿತು. ನಾಳೆ ಬೆಟ್ಟದಲ್ಲೂ ತಪ್ಪಲಲ್ಲೂ ಬಿಸಿಲು. ಗರಿಷ್ಠ ಹದಿನೆಂಟು ಡಿಗ್ರಿ. ಹಿಮ ಇಲ್ಲ.'

"ಕನ್ನಡೀಲಿ ನೋಡ್ಕೊಳ್ರೀ, ಕೆನ್ನೆ ಬನ್ನಿನ ಥರ ಆಗಿದೆ. ರಜ ಹಾಕಿ" ಎಂದರು ಹೆಂಡತಿ.

'ಇವತ್ತಾ? ತಲೆ ಕೆಟ್ಟಿದೆಯಾ ನಿನಗೆ?' ಎನ್ನಲು ಹೋದರೆ ಮೋಡಪ್ಪನವರ ಬಾಯಿಂದ ಬರೀ ಗಾಳಿ ಹೊರಟಿತು. ಆಕೆ ಬಿಸಿ ಉಪ್ಪಿನ ಗಂಟನ್ನು ಕೆನ್ನೆಗಿಟ್ಟು, ಗಲ್ಲದಿಂದ ನೆತ್ತಿಯವರೆಗೆ ದಪ್ಪ ಮಫ್ಲರ್ ಬಿಗಿದು, ಮೇಲೊಂದು ಉಣ್ಣೆ ಟೋಪಿ ಒತ್ತಿ, ಸ್ವೆಟರ್ ತೊಡಿಸಿ, "ಗಾಳಿ ತಾಗಿದ್ರೆ ಪ್ರಾಣ ಹೋಗುತ್ತೆ. ಬಿಚ್ಚಿದ್ರೆ ನನ್ನಾಣೆ!" ಎಂದು ಕಳಿಸಿದರು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೋರ್ಡನ್ನು ನೆಚ್ಚಿ ಮನೆಯ ರಗ್ಗುಗಳನ್ನೆಲ್ಲ ಕಾಂಪೌಂಡಿನ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಮೋಡಪ್ಪನವರನ್ನು ಕಂಡದ್ದೇ ಅವರ ಕೈ ಅಲ್ಲೇ ನಿಂತಿತು.

"ಏನ್ಸಾರ್ ಇದು? ಚಳಿ ಮುಗೀತು ಅಂತ ನಮಗೆ ಬರೆದು, ನೀವು ಹೀಗೆ?"

ಮೋಡಪ್ಪನವರು ಬೆರಳಿನಿಂದ ಬಾಯಿ ತೋರಿಸಿ, ಕೈಯಾಡಿಸಿ, ತಲೆ ಅಲ್ಲಾಡಿಸಿದರು.

ಮೇಷ್ಟ್ರು ಹತ್ತಿರ ಬಂದು ಪಿಸುಗುಟ್ಟಿದರು. "ಬಾಯಿ ಬಿಡಬಾರದು ಅಂತ ಮೇಲಿನವರ ಆರ್ಡರ್ರೋ? ಅರ್ಥವಾಯ್ತು ಬಿಡಿ. ನಾನೂ ಬಾಯಿ ಬಿಡಲ್ಲ."

ಮೇಷ್ಟ್ರು ಬಾಯಿ ಬಿಡದಿದ್ದ ದಿನ ಆ ಪೇಟೆಯ ಚರಿತ್ರೆಯಲ್ಲೇ ಇಲ್ಲ. ಮೋಡಪ್ಪನವರು ಚೌಕ ಮುಟ್ಟುವುದರೊಳಗೆ ಸೌದೆ ಡಿಪೋ ಮುಂದೆ ಸಾಲು ನಿಂತಿತ್ತು. ಶಾಲೆ ಗಂಟೆ ಹೊಡೆದು ಮಕ್ಕಳನ್ನು ಮನೆಗೆ ಅಟ್ಟಿತ್ತು. ನರ್ಸರಿಯಮ್ಮ ತಮ್ಮ ಹೂವಿನ ಸಸಿಗಳ ಮೇಲೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸುತ್ತಿದ್ದರು. ಕಣಿವೆಯಾಚೆಗೆ ಹೋಗಬೇಕಿದ್ದ ಬಸ್ಸಿನ ಕಂಡಕ್ಟರ್ ಪ್ರಯಾಣಿಕರನ್ನು ಇಳಿಸುತ್ತಿದ್ದ.

"ಹಿಮ ಇಲ್ಲ ಅಂತ ಬೋರ್ಡಲ್ಲಿ ಬರೆದಿದೆಯಲ್ಲಪ್ಪಾ!" ಎಂದು ಯಾರೋ ಜಗಳ ತೆಗೆದರು.

"ಬೋರ್ಡು ಸರ್ಕಾರದ್ದು ಸ್ವಾಮಿ, ಮಫ್ಲರ್ ಸ್ವಂತದ್ದು. ಯಾವುದನ್ನ ನಂಬ್ಲಿ ಹೇಳಿ?" ಎಂದ ಕಂಡಕ್ಟರ್.

ಕಚೇರಿಯಲ್ಲಿ ಸಹಾಯಕ ಆಗಲೇ ಎರಡು ಸ್ವೆಟರ್ ಏರಿಸಿಕೊಂಡು ಕೂತಿದ್ದ. "ನನಗಾದ್ರೂ ಒಂದು ಮಾತು ಹೇಳಬಾರ್ದಾ ಸಾರ್? ನಾನೇನು ಹೊರಗಿನವನಾ?" ಎಂದು ಮುಖ ಊದಿಸಿದ. ಮೋಡಪ್ಪನವರು ಅವನದೇ ಕೈಬರಹದ ದಾಖಲೆ ಪುಸ್ತಕವನ್ನು ಅವನ ಮೂಗಿನ ಮುಂದೆ ಹಿಡಿದರು. ಬೆಳಿಗ್ಗೆಯ ಉಷ್ಣತೆ ಹನ್ನೊಂದು, ಆಕಾಶ ನಿರ್ಮಲ.

"ಅದು ಥರ್ಮಾಮೀಟರ್ ಹೇಳಿದ್ದು ಸಾರ್. ಅದಕ್ಕೇನು ಗೊತ್ತು!"

ಮೋಡಪ್ಪನವರಿಗೆ ಪಿತ್ತ ನೆತ್ತಿಗೇರಿತು. ನಿರ್ದೇಶಕರು ಬರುವ ಹೊತ್ತಿಗೆ ಊರಿಗೆ ಊರೇ ಹಿಮಕ್ಕೆ ಕಾಯುತ್ತ ಕೂತಿದ್ದರೆ ವರ್ಗವೂ ಇಲ್ಲ, ಮಣ್ಣೂ ಇಲ್ಲ. ಒಂದು ರಟ್ಟಿನ ಮೇಲೆ 'ನನಗೆ ಹಲ್ಲುನೋವು, ಅಷ್ಟೇ' ಎಂದು ದಪ್ಪಕ್ಷರದಲ್ಲಿ ಬರೆದು ಚೌಕದಲ್ಲಿ ಎತ್ತಿ ಹಿಡಿದು ನಿಂತರು.

"ಹಲ್ಲುನೋವಂತೆ! ಹಲ್ಲುನೋವನ್ನ ಯಾರಾದ್ರೂ ರಟ್ಟಿನ ಮೇಲೆ ಬರೆದು ತೋರಿಸ್ತಾರೇನ್ರೀ? ಎಂಥೆಂಥ ನೆಪ ಕಲಿಸಿ ಕಳಿಸ್ತಾರೆ ನೋಡಿ!" ಎಂದರು ಮೇಷ್ಟ್ರು.

ಹೆಂಡತಿಯ ಆಣೆ ಹಾಳಾಗಲಿ ಎಂದು ಮೋಡಪ್ಪನವರು ಟೋಪಿ, ಮಫ್ಲರ್, ಸ್ವೆಟರ್ ಎಲ್ಲ ಕಿತ್ತೆಸೆದು ಬರೀ ಅಂಗಿಯಲ್ಲಿ ನಿಂತರು. ಊದಿದ ಕೆನ್ನೆ ಕಂಡು ನರ್ಸರಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ, ಶೀತ ಆಗಲೇ ಮುಖಕ್ಕಿಳಿದಿದೆ! ಅಷ್ಟು ಹೊದ್ದವರಿಗೇ ಹೀಗಾದ್ರೆ ನಮ್ಮ ಗತಿ ಏನು?" ಸೌದೆ ಸಾಲು ಇನ್ನೂ ಎರಡು ಬೀದಿ ಉದ್ದವಾಯಿತು.

ಮಧ್ಯಾಹ್ನವಾಯಿತು. ಬೆಟ್ಟದ ನೆತ್ತಿಯಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ಊರೆಲ್ಲ ಸ್ವೆಟರಿನೊಳಗೆ ಬೆವರುತ್ತ, ತಲೆಯೆತ್ತಿ ಆಕಾಶವನ್ನು ಶಪಿಸುತ್ತಿತ್ತು. ಆ ಹೊತ್ತಿಗೆ ನಿರ್ದೇಶಕರ ಜೀಪು ಬಂತು.

"ಹದಿನೆಂಟು ಸಾರ್! ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ!" ಎಂದು ಸಹಾಯಕ ಥರ್ಮಾಮೀಟರಿನ ಪೆಟ್ಟಿಗೆಯ ಬಳಿಯಿಂದ ಕೂಗಿದ. ಎಂಟು ವರ್ಷಕ್ಕೆ ಮೊದಲ ಸಲ ಸರಿ! ಮೋಡಪ್ಪನವರಿಗೆ ಹಲ್ಲುನೋವೂ ಮರೆತುಹೋಯಿತು. ನಿರ್ದೇಶಕರು ಅವರ ಬೆನ್ನು ತಟ್ಟಿ ಜೇಬಿನಿಂದ ಆರ್ಡರ್ ತೆಗೆದರು.

ಅಷ್ಟರಲ್ಲಿ ಜನ ನುಗ್ಗಿದರು.

"ಇವರನ್ನ ನಂಬಿ ಕೆಟ್ಟೆ ಸಾರ್! ಕಂಬಳಿ ಭಾರಕ್ಕೆ ಸಸಿಯೆಲ್ಲ ಮುರಿದು ಬಿದ್ದಿವೆ!" ಎಂದರು ನರ್ಸರಿಯಮ್ಮ.

"ಇವರನ್ನ ನಂಬಿ ಬಸ್ಸು ನಿಲ್ಲಿಸ್ದೆ ಸಾರ್! ಡಿಪೋ ಮ್ಯಾನೇಜರ್ ಚರ್ಮ ಸುಲೀತಾರೆ!" ಎಂದ ಕಂಡಕ್ಟರ್.

"ಇಡೀ ಊರು ಇವರನ್ನೇ ನಂಬಿಕೊಂಡು ಕೂತಿತ್ತು. ಇವರ ಮೇಲೆ ಕ್ರಮ ಆಗ್ಲೇಬೇಕು" ಎಂದು ಮೇಷ್ಟ್ರು ನೂರಿಪ್ಪತ್ತು ಸಹಿಗಳ ದೂರನ್ನು ಮುಂದೆ ಹಿಡಿದರು.

ನಿರ್ದೇಶಕರು ದೂರನ್ನು ಒಂದು ಸಲ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಅವರ ಕಣ್ಣಲ್ಲಿ ನೀರಾಡಿತು.

"ಮೂವತ್ತು ವರ್ಷ ಸರ್ವೀಸಾಯ್ತು ಕಣ್ರೀ" ಎಂದರು. "ಹವಾಮಾನ ಇಲಾಖೆಯವರನ್ನ ನಂಬಿ ಕೆಟ್ಟೆ ಅಂತ ಒಬ್ಬನೇ ಒಬ್ಬ ಬಂದವನಿಲ್ಲ. ಯಾಕೆ? ನಂಬಿದವರೇ ಇಲ್ಲ! ಇಲ್ಲಿ ನೋಡಿದ್ರೆ ನೂರಿಪ್ಪತ್ತು ಜನ! ಇಂಥವರನ್ನ ಈ ಊರಿಂದ ಕಿತ್ತು ಬೇರೆ ಕಡೆ ಹಾಕಿದ್ರೆ ನನಗೆ ಒಳ್ಳೇದಾಗುತ್ತಾ? ರಿಟೈರಾಗೋವರೆಗೂ ಇವರು ಇಲ್ಲೇ ಇರ್ಲಿ."

ಮೋಡಪ್ಪನವರು "ಆಆ" ಎಂದು ಬಾಯಿ ತೆರೆದರು.

"ನೋಡಿ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ" ಎಂದ ನಿರ್ದೇಶಕರು, ಆರ್ಡರಿನಲ್ಲಿದ್ದ ಹೆಸರನ್ನು ಹೊಡೆದುಹಾಕಿ ಸಹಾಯಕನ ಹೆಸರು ಬರೆದು ಸಹಿ ಹಾಕಿದರು. "ಬಯಲಿಗೆ ಯಾರಾದ್ರೂ ನಡೆಯುತ್ತೆ. ಅಲ್ಲಿ ದಿನಾ ಬಿಸಿಲೇ."

ಜನ ಹೋದರು, ಜೀಪೂ ಹೋಯಿತು. ಮೋಡಪ್ಪನವರು ಕೆನ್ನೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಸಹಾಯಕ ಆರ್ಡರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬಲು ವಿನಯದಿಂದ ಪಕ್ಕದಲ್ಲಿ ಬಂದು ನಿಂತ.

"ಸಾರ್, ಬಯಲಲ್ಲಿ ನೀವೊಂದು ಮನೆ ಗೊತ್ತು ಮಾಡಿಟ್ಟಿದ್ರಲ್ಲ, ಅದು ಹೇಗೂ ಇನ್ನು ನಿಮಗೆ ಬೇಡವಲ್ಲ?"