ಮಹಡಿ ಮೇಲಿನ ರಿಸೀವರ್

ಮೂವತ್ತನಾಲ್ಕು ವರ್ಷ ಟೆಲಿಫೋನ್ ಲೈನ್‌ಮನ್ ಆಗಿದ್ದವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡುಬಿಡುತ್ತದೆ. ಎಲ್ಲಿ ರಿಸೀವರ್ ಕಂಡರೂ ಎತ್ತಿ ಕಿವಿಗಿಟ್ಟು ನೋಡುವುದು. ಲೈನು ಸರಿಯಾಗಿದೆಯಾ ಅಂತ ಪರೀಕ್ಷಿಸುವುದು ನಮ್ಮ ಕೆಲಸ. ನಡುವೆ ಯಾರಾದರೂ ಮಾತಾಡುತ್ತಿದ್ದರೆ ತಕ್ಷಣ ಇಟ್ಟುಬಿಡಬೇಕು ಅನ್ನುವುದು ನಿಯಮ. (ತಕ್ಷಣ ಅಂದರೆ ಎಷ್ಟು ಹೊತ್ತು ಅಂತ ನಿಯಮದಲ್ಲಿ ಬರೆದಿರಲಿಲ್ಲ.)

ನಮ್ಮ ಮನೆಯಲ್ಲಿ ಲೈನು ಒಂದೇ, ಫೋನು ಎರಡು. ಒಂದು ಹಾಲಿನಲ್ಲಿ, ಇನ್ನೊಂದು ಮಹಡಿ ಮೇಲಿನ ನನ್ನ ರೂಮಿನಲ್ಲಿ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನವಳು ಕೆಳಗೆ ಅವಳ ಅಕ್ಕನ ಜೊತೆ ಮಾತಾಡುತ್ತಿದ್ದಳು. ನಾನು ಮೇಲೆ ಸುಮ್ಮನೆ ಲೈನ್ ಪರೀಕ್ಷೆಗೆ ಅಂತ ರಿಸೀವರ್ ಎತ್ತಿದೆ. ಅತ್ತಿಗೆ ಹೇಳುತ್ತಿದ್ದರು: "ನಿನ್ನ ಗಂಡ ಒಳ್ಳೆಯವರೇ ಕಣೇ. ಆದ್ರೆ ಯಾತಕ್ಕೂ ಬರಲ್ಲ."

ನನಗೆ ಕೆಮ್ಮು ಬಂತು.

ಅತ್ತಿಗೆ ಕೇಳಿದರು, "ಯಾರೇ ಅದು? ಗಂಡನ್ನ ಕೇಳೋಕೆ ಕೂರಿಸಿಕೊಂಡು ನನ್ನ ಬಾಯಿ ಬಿಡಿಸ್ತಿದ್ದೀಯಾ?"

ನನ್ನವಳು ದಡದಡ ಮೆಟ್ಟಿಲು ಹತ್ತಿ ಬಂದಳು. ಅಷ್ಟರಲ್ಲಿ ನಾನು ಪೇಪರ್ ಹಿಡಿದು ಕೂತಿದ್ದೆ. "ರೀ, ಫೋನ್ ಎತ್ತಿದ್ರಾ?"

"ಇಲ್ವಲ್ಲ. ಎಲ್ಲೋ ಲೈನ್ ಅಡ್ಡ ಬಂದಿರಬೇಕು. ಹಳೇ ಕೇಬಲ್ ನೋಡು, ಹಾಗೆಲ್ಲ ಆಗುತ್ತೆ," ಅಂದೆ. ಇಲಾಖೆಯವನ ಮಾತು, ಅವಳು ನಂಬಿದಳು. ಕೆಳಗೆ ಹೋಗಿ ಅಕ್ಕನಿಗೆ ಆಣೆ ಇಟ್ಟು ಹೇಳಿದಳು. ಅತ್ತಿಗೆ ನಂಬಲಿಲ್ಲ. "ಮೂವತ್ತು ವರ್ಷದಿಂದ ನಿನ್ನ ಗಂಡನ ಕೆಮ್ಮು ಕೇಳಿದ್ದೀನಿ. ಗಂಡನಿಗೋಸ್ಕರ ಒಡಹುಟ್ಟಿದವಳ ಹತ್ರಾನೇ ಸುಳ್ಳು ಹೇಳ್ತೀಯಾ? ಇನ್ಮೇಲೆ ನೀನಾಗಿ ನನಗೆ ಫೋನ್ ಮಾಡಬೇಡ. ಮನಸ್ಸು ಬಂದ ದಿನ ನಾನೇ ಮಾಡ್ತೀನಿ," ಅಂತ ಇಟ್ಟರು.

ನಾಲ್ಕು ವರ್ಷ ಮನಸ್ಸು ಬರಲಿಲ್ಲ. ಆ ನಡುವೆ ಅತ್ತಿಗೆಯ ಮಗಳ ಮದುವೆ ಆಯಿತು. ನಮಗೆ ಕರೆ ಬರಲಿಲ್ಲ. ಯಾರೋ ಕಳಿಸಿದ ಫೋಟೋಗಳನ್ನು ನನ್ನವಳು ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಅಕ್ಕ ಎಷ್ಟು ಇಳಿದುಹೋಗಿದ್ದಾಳೆ ಅಂದಳು. ಆವತ್ತೇ ಹೇಳಬೇಕಿತ್ತು, ಕೆಮ್ಮಿದ್ದು ನಾನು ಅಂತ. ನಾಲಿಗೆ ತುದಿಗೆ ಬಂತು, ಆದರೆ ಅಲ್ಲೇ ಕೂತುಬಿಟ್ಟಿತು. ನಾಳೆ ಹೇಳೋಣ ಅಂದುಕೊಂಡೆ. ಹಾಗೆ ಅಂದುಕೊಂಡ ನಾಳೆಗಳು ಎಷ್ಟೋ.

ಹಾಲಿನ ಫೋನನ್ನು ಮಾತ್ರ ಅವಳು ದಿನಾ ಒರೆಸುತ್ತಿದ್ದಳು. ನಾನು ಅದನ್ನು ಶುಚಿತ್ವ ಅಂದುಕೊಂಡಿದ್ದೆ.

ಹೀಗಿರುವಾಗ ಮೂಲೆಮನೆಯ ಹೆಡ್‌ಮಿಸ್ ಬಂದು, "ನಮ್ಮ ಶಾಲೆಯಲ್ಲಿ ದೂರವಾಣಿಯ ಇತಿಹಾಸ ಮತ್ತು ಮಹತ್ವದ ಬಗ್ಗೆ ಮಾತಾಡ್ತೀರಾ?" ಅಂದರು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಎರಡು ಮಾತು ಆಡಿ ಅಂದಿರಲಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂತ ನಿಗದಿಯಾಯಿತು. ನನ್ನವಳಿಗೆ ಹೇಳಿದರೆ ಎಂದೂ ಇಲ್ಲದ ಸಂತೋಷ. ಷರ್ಟಿಗೆ ಇಸ್ತ್ರಿ ಹಾಕಿಕೊಟ್ಟಳು. "ಬೇಗ ಹೊರಡಿ. ವಿಸ್ತಾರವಾಗಿ ಮಾತಾಡಿ. ನಿಧಾನಕ್ಕೆ ಬನ್ನಿ," ಅಂದಳು. ಇದಪ್ಪಾ ಪತಿಭಕ್ತಿ ಅಂದುಕೊಂಡೆ. ಗುರುವಾರ ಬೆಳಿಗ್ಗೆ ಅವಳು ದರ್ಜಿ ಅಂಗಡಿಗೆ ಹೋಗಿ ಅರ್ಧ ಗಂಟೆಯಲ್ಲಿ ಬರುತ್ತೇನೆ ಅಂತ ಹೊರಟಳು.

ಆಗ ನನಗೆ ಆ ಮಹಾನ್ ಐಡಿಯಾ ಹೊಳೆಯಿತು. ಮಕ್ಕಳಿಗೆ ಬರೀ ಬಾಯಿಮಾತು ಸಾಕೇ? ಎರಡು ಫೋನು, ಒಂದು ಬ್ಯಾಟರಿ, ಉದ್ದದ ವೈರು ಇದ್ದರೆ ತರಗತಿಯ ಈ ಮೂಲೆಯಿಂದ ಆ ಮೂಲೆಗೆ ಮಾತಾಡಿಸಿಯೇ ತೋರಿಸಬಹುದು. ಮನೆಯ ಎರಡೂ ಫೋನುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಹೇಗೂ ಅದಕ್ಕೆ ಯಾರ ಕರೆ ಬರುತ್ತದೆ?

ಭಾಷಣ ರಂಗೇರಿತು. ಈ ಯಂತ್ರ ಹುಟ್ಟಿದ ದಿನ ಅದರಲ್ಲಿ ಮೊದಲು ಆಡಿದ ಮಾತು ಪಕ್ಕದ ಕೋಣೆಯಲ್ಲಿದ್ದವನನ್ನು ಕರೆಯುವುದಕ್ಕೆ ಅಂತ ಹೇಳಿದೆ. ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಬಾಗಿಲು ಕಾಯುತ್ತಿದ್ದುದು, ಬೀದಿಗೆ ಒಂದೇ ಫೋನ್ ಇದ್ದವರ ಮನೆಯಲ್ಲಿ ಜನ ಚಪ್ಪಲಿ ಬಿಟ್ಟು ಸಾಲಾಗಿ ಕೂರುತ್ತಿದ್ದುದು, ಎಲ್ಲ ಹೇಳಿದೆ. "ಒಂದು ಕರೆ ತಪ್ಪಿದರೆ ಒಂದು ಸಂಬಂಧವೇ ತಪ್ಪಬಹುದು ಮಕ್ಕಳೇ," ಅಂತ ದನಿ ನಡುಗಿಸಿದೆ. ಆಗ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕೈ ಎತ್ತಿದಳು. "ಸರ್, ನಿಮ್ಮನೆ ಫೋನೆಲ್ಲಾ ಇಲ್ಲಿದೆ. ಈಗ ನಿಮ್ಮನೆಗೆ ಯಾರಾದ್ರೂ ಫೋನ್ ಮಾಡಿದ್ರೆ?"

"ನಮ್ಮನೆಗೆ ಯಾರಮ್ಮಾ ಮಾಡ್ತಾರೆ?" ಅಂದೆ. ಎಲ್ಲರೂ ನಕ್ಕರು. ಗಡಿಯಾರದಲ್ಲಿ ಹನ್ನೊಂದೂಕಾಲು.

ಶಾಲೆಯವರು ಕೊಟ್ಟ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಗೆ ಬಂದರೆ ನನ್ನವಳು ಹಾಲಿನಲ್ಲಿ ಖಾಲಿ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಗೋಡೆಯಿಂದ ವೈರಿನ ತುದಿ ನೇತಾಡುತ್ತಿದೆ.

"ಅಕ್ಕನ ಮಗಳು ನಾಲ್ಕು ತಿಂಗಳು ಕಾಡಿ ಬೇಡಿ ಒಪ್ಪಿಸಿದ್ದಳು," ಅಂದಳು. "ಇವತ್ತು ಹನ್ನೊಂದು ಗಂಟೆಗೆ ಅಕ್ಕ ಫೋನ್ ಮಾಡೋಳಿದ್ದಳು. ಅವಳಿಗೆ ಬಾಯಿಪಾಠ ಇರೋದು ಈ ನಂಬರ್ ಒಂದೇ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಪಕ್ಕದಲ್ಲೇ ನಿಂತಿರ್ತಿದ್ರಿ."

ನಾನು ನೇತಾಡುತ್ತಿದ್ದ ವೈರಿನ ತುದಿ ಹಿಡಿದು ನೋಡಿದೆ. ಇಲಾಖೆಯವನಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಇಲ್ಲಿ ಫೋನೇ ಇಲ್ಲದಿದ್ದರೂ ಕರೆ ಮಾಡಿದವರಿಗೆ ರಿಂಗ್ ಆಗುತ್ತಲೇ ಇರುತ್ತದೆ. ಅತ್ತಿಗೆ ಅದನ್ನು ಕೇಳುತ್ತಾ, ತಂಗಿ ಬೇಕೆಂದೇ ಎತ್ತುತ್ತಿಲ್ಲ ಅಂದುಕೊಂಡಿರುತ್ತಾರೆ.

"ಮೊಬೈಲಿಂದ ನಾನೇ ಮಾಡಿದೆ," ಅಂದಳು. "ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಟ್ಟಳು. ಮುಗೀತು ಬಿಡಿ." ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ. ಎದ್ದು ಒಳಗೆ ಹೋದಳು.

ನಾನು ಎರಡೂ ಫೋನುಗಳನ್ನು ಮತ್ತೆ ಜೋಡಿಸಿದೆ. ನನ್ನವಳು ಅಡುಗೆಮನೆಯಲ್ಲಿ ಇದ್ದಾಳೆ ಅಂದುಕೊಂಡು, ಹಾಲಿನಿಂದ ಅತ್ತಿಗೆಯ ನಂಬರು ತಿರುಗಿಸಿದೆ.

"ಅತ್ತಿಗೆ, ಇಡಬೇಡಿ. ನಾನು. ಆವತ್ತು ಕೆಮ್ಮಿದ್ದು ನಾನೇ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಸುಳ್ಳು ಹೇಳಿದೆ, ಅವಳು ಪಾಪ ಅದನ್ನೇ ನಂಬಿ ನಿಮಗೆ ಆಣೆ ಇಟ್ಟಳು. ಇವತ್ತು ಫೋನ್ ಎತ್ತದೇ ಇದ್ದದ್ದೂ ನನ್ನಿಂದಾನೇ. ದೂರವಾಣಿಯ ಮಹತ್ವ ಹೇಳೋಕೆ ಎರಡನ್ನೂ ಶಾಲೆಗೆ ಹೊತ್ತುಕೊಂಡು ಹೋಗಿದ್ದೆ. ನನ್ನನ್ನ ಏನು ಬೇಕಾದ್ರೂ ಅನ್ನಿ, ಅವಳನ್ನ ದೂರ ಮಾಡಬೇಡಿ."

ಆಗ ಲೈನಿನಲ್ಲಿ, ತೀರಾ ಹತ್ತಿರದಲ್ಲಿ, ಯಾರೋ ಕೆಮ್ಮಿದರು.

"ಈಗ ಕೆಮ್ಮಿದ್ದು ಯಾರು?" ಅಂದರು ಅತ್ತಿಗೆ.

"ನಾನು ಅಕ್ಕ," ಅಂದಳು ನನ್ನವಳು, ಮಹಡಿ ಮೇಲಿಂದ. "ಎಲ್ಲಾ ಕೇಳಿಸಿಕೊಂಡೆ."

"ಯಾತಕ್ಕೂ ಬರಲ್ಲ ಅಂತ ನಾನು ಆವತ್ತೇ ಹೇಳಿರಲಿಲ್ವಾ?" ಅತ್ತಿಗೆಯ ದನಿ ಒಡೆಯಿತು. "ಮಗಳ ಮದುವೇಲಿ ಒಬ್ಬಳೇ ನಿಂತಿದ್ದೆ ಕಣೇ."

"ರೀ," ಅಂದಳು ನನ್ನವಳು. "ರಿಸೀವರ್ ಇಡಿ."

ಇಟ್ಟೆ. ನಿಯಮದ ಪ್ರಕಾರ ತಕ್ಷಣವೇ ಇಟ್ಟೆ, ಜೀವಮಾನದಲ್ಲಿ ಮೊದಲ ಸಲ. ಆಮೇಲೆ ಅಕ್ಕತಂಗಿ ಇಬ್ಬರೂ ಎರಡೂವರೆ ಗಂಟೆ ಮಾತಾಡಿದರು. ಮೊದಲು ನನ್ನವಳು ಅಳುವುದು ಕೇಳಿಸಿತು. ನಾಲ್ಕು ವರ್ಷದ ಅಳು, ನನ್ನ ಒಂದು ಸುಳ್ಳಿನದು. ಮೆಟ್ಟಿಲ ಕೆಳಗೆ ಕೂತು ಕೇಳಿದೆ.

ಅವರಿಬ್ಬರ ಮೌನವೀಗ ನನ್ನ ಪಾಲಿಗೆ ಬಂದಿದೆ. ಊಟ ಬಡಿಸುತ್ತಾಳೆ, ಮಾತಿಲ್ಲ. ಐದನೇ ದಿನ ಮಾತ್ರ ಬಾಯಿ ಬಿಟ್ಟಳು. "ಮೇಲಿನ ಫೋನ್ ನನಗಿರಲಿ. ಹಾಲಿನದು ಬಿಚ್ಚಿ ಆ ಶಾಲೆ ಮಕ್ಕಳಿಗೆ ಕೊಟ್ಟುಬಿಡಿ. ಮಹತ್ವ ಕಲಿತುಕೊಳ್ಳಲಿ."

ನೂರಾರು ಮನೆಗೆ ಲೈನು ಎಳೆದ ಕೈಯಿಂದಲೇ ನನ್ನ ಮನೆಯ ಫೋನು ಬಿಚ್ಚಿದೆ. ಈಗ ದಿನಾ ಹನ್ನೊಂದಕ್ಕೆ ಮೇಲೆ ಫೋನು ಗಂಟೆ ಬಾರಿಸುತ್ತದೆ, ರೂಮಿನ ಬಾಗಿಲು ಹಾಕಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ನನ್ನವಳು ಬಿದ್ದು ಬಿದ್ದು ನಗುವುದು ಕೇಳಿಸುತ್ತದೆ. ನನ್ನ ವಿಷಯವೇ ಇರಬೇಕು. ಖಾತ್ರಿ ಮಾಡಿಕೊಳ್ಳೋಣ ಅಂದರೆ ದಾರಿಯಿಲ್ಲ.